ಹಾಡೋಕೆ ಬಂದರೆ ಭಾವಗೀತೆ ಆಗಿಬಿಡುತ್ತಾ?

ನಿಮ್ಮ ಪದ್ಯಕ್ಕೆ ಪ್ರಾಸ ಇಲ್ಲ, ರಾಗ ಹಾಕೋಕೆ ಆಗಲ್ಲ, ಹಾಗಾಗಿ ಅದು ಭಾವಗೀತೆ ಅಲ್ಲ ಅಂತ ಗೆಳೆಯರು ಅಂದರು ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಭಾವಗೀತೆಗೆ ಇಂಗ್ಲಿಷಿನಲ್ಲಿ ಹೇಳೋ ಲಿರಿಕ್ ಅನ್ನೋ ಮಾತು ಗ್ರೀಕರ ಲೈರ್ ಅನ್ನೋ ತಂತಿವಾದ್ಯದಿಂದ ಬಂದಿದ್ದು ನಿಜ. ಆದರೆ ಹಾಡಿಕೆಯೊಂದೇ ಗುರುತಾದರೆ ಕುಮಾರವ್ಯಾಸ ಭಾರತವೂ ಭಾವಗೀತೆ ಆಗಬೇಕಿತ್ತು. ಕಾವ್ಯವನ್ನು ರಾಗವಾಗಿ ಓದೋ ಗಮಕಿಗಳು ಅದನ್ನು ಎಷ್ಟು ಚೆನ್ನಾಗಿ ಹಾಡ್ತಾರೆ! ಆದರೂ ಅದು ಕಥನ.

ಮೆಜೆಸ್ಟಿಕ್ಕಿನಲ್ಲಿ ನಿಂತು ಒಂದು ಸಾಲು ಕಟ್ಟಿ ನೋಡಿ: ‘ಬಸ್ಸು ಹೊರಟಿತು, ಅಮ್ಮ ನಿಂತಳು.’ ಮಾತ್ರೆ, ಅಂದರೆ ಅಕ್ಷರ ಉಚ್ಚರಿಸೋಕೆ ಹಿಡಿಯೋ ಕಾಲದ ಅಳತೆ, ಎಣಿಸಿ. ಮೂರು ನಾಲ್ಕು, ಮೂರು ನಾಲ್ಕು. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿ ಅನ್ನೋ ಛಂದಸ್ಸಿನ ನಡೆಯೂ ಇದೇ ಅಲ್ವಾ? ಅದೇ ಲಯದಲ್ಲಿ ಮುಂದೆ ಬಸ್ಸು ಯಾವ ಊರಿಗೆ ಹೋಯ್ತು, ಅಲ್ಲಿ ಏನಾಯ್ತು ಅಂತ ಹೊರಟರೆ ಕಥೆ. ಅಮ್ಮ ನಿಂತಿದ್ದಾಳಲ್ಲ, ಆ ಗಳಿಗೆಯಲ್ಲೇ ನೀವೂ ನಿಂತು, ಅವಳ ಸೆರಗು, ಎತ್ತಿದ ಕೈ, ನಿಮ್ಮ ಗಂಟಲು ಕಟ್ಟಿದ್ದು, ಇಷ್ಟರಲ್ಲೇ ಸುತ್ತಿದರೆ ಭಾವಗೀತೆ. ನನ್ನ ಪ್ರಕಾರ ಲಯ ಬೇಕೇ ಬೇಕು, ಪ್ರಾಸ ಇದ್ದರೆ ಸಂತೋಷ, ಅಷ್ಟೇ.

ನಿಮ್ಮ ಪದ್ಯದ ಮೊದಲ ಎಂಟು ಸಾಲು ಹಾಗೇ ಇರಲಿ. ಕೊನೆಯ ನಾಲ್ಕರಲ್ಲಿ ಸುಮ್ನೆ ಬುದ್ಧಿ ಹೇಳಿದ್ದೀರಿ. ಅದನ್ನು ತೆಗೆದು, ಒಮ್ಮೆ ಜೋರಾಗಿ ಓದಿ ನೋಡಿ.