ಅತ್ತೆಯ ಮರೆವು, ಬೆಂಗಳೂರಿನ ಟ್ರಯಲ್: ಸೇರಿಸಬೇಕಾ, ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ನಾಪೋಕ್ಲು ಹತ್ತಿರ. ಅತ್ತೆಗೆ 72. ಒಂದೂವರೆ ವರ್ಷದಿಂದ ಮರೆವು. ಈ ಸಲ ಹುತ್ತರಿಗೆ ಕದಿರು ತಂದು ಕಟ್ಟಿ, ಊಟವೂ ಮುಗಿದ ಮೇಲೆ "ಗದ್ದೆಗೆ ಯಾವಾಗ ಹೋಗೋದು" ಅಂತ ನಾಲ್ಕು ಸಲ ಕೇಳಿದರು. ಮೈಸೂರಿನಲ್ಲಿ ತೋರಿಸಿದೆವು. ಅಲ್ಝೈಮರ್ಸ್, ಶುರುವಿನ ಹಂತ ಅಂತ ಹೇಳಿ ಡೊನೆಪೆಜಿಲ್ ಮಾತ್ರೆ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ಮೈದುನ, ಅಲ್ಲಿ ಹೊಸ ಇಂಜೆಕ್ಷನ್‌ನ ಟ್ರಯಲ್ ಇದೆ, ಸೇರಿಸೋಣ ಅಂತಾನೆ. ನಮ್ಮ ಯಜಮಾನರು "ಅಮ್ಮನ ಮೇಲೆ ಪ್ರಯೋಗ ಮಾಡೋದು ಬೇಡ" ಅಂತ ಮುಖ ತಿರುಗಿಸುತ್ತಾರೆ. ಅವರನ್ನು ದಿನಾ ನೋಡಿಕೊಳ್ಳುವುದು ನಾನು. ನನ್ನನ್ನು ಯಾರೂ ಕೇಳಿಲ್ಲ. ನೀವೇ ಹೇಳಿ.
(ಹೆಸರು ಬೇಡ)

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ಮೈದುನನ ಮಾತು ಇದೆ, ಯಜಮಾನರ ಮಾತು ಇದೆ, ನಿಮ್ಮ ಬೇಜಾರೂ ಇದೆ. ಅತ್ತೆ ಏನಂದರು ಅನ್ನುವುದು ಮಾತ್ರ ಇಲ್ಲ. ಹಾಗಾದರೆ ಕೇಳದೆ ಬಿಟ್ಟಿದ್ದು ನಿಮ್ಮೊಬ್ಬರನ್ನೇ ಅಲ್ಲ, ಅಲ್ವಾ?

ಶುರುವಿನ ಹಂತದಲ್ಲಿ ಇರುವವರಿಗೆ ನಿನ್ನೆ ತಿಂದಿದ್ದು ಮರೆತು ಹೋಗಬಹುದು, ಆದರೆ "ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೈಗೆ ಸೂಜಿ ಚುಚ್ಚಿಸಿಕೊಳ್ಳಬೇಕು, ಒಪ್ಪಿಗೆಯಾ" ಅಂತ ಅವರ ಭಾಷೆಯಲ್ಲಿ ನಿಧಾನವಾಗಿ ಕೇಳಿದರೆ ಸಾಮಾನ್ಯವಾಗಿ ಅರ್ಥವಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಮೊದಲ ಸಹಿ ಅವರದ್ದೇ ಆಗಬೇಕು. ಅರ್ಥ ಮಾಡಿಕೊಳ್ಳುವ ಶಕ್ತಿ ಇಲ್ಲ ಅಂತ ಡಾಕ್ಟರ್ ಬರೆದರೆ ಮಾತ್ರ ಮನೆಯವರು ಅವರ ಪರವಾಗಿ ಸಹಿ ಹಾಕಬಹುದು. ಸಹಿ ಹಾಕಿದ ಮೇಲೂ, ಮಧ್ಯದಲ್ಲಿ ಯಾವ ದಿನ ಬೇಕಾದರೂ "ಸಾಕು" ಅಂತ ಹೊರಗೆ ಬರಬಹುದು. ಕಾರಣ ಹೇಳಲೇಬೇಕು ಅಂತಿಲ್ಲ, ಮಾಮೂಲಿ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವ ಹಾಗೂ ಇಲ್ಲ.

ಈಗ ನಿಮ್ಮ ವಿಷಯ. ಅಲ್ಝೈಮರ್ಸ್ ಟ್ರಯಲ್‌ಗಳಲ್ಲಿ ರೋಗಿಯ ಜೊತೆ ಇನ್ನೊಬ್ಬರ ಹೆಸರೂ ದಾಖಲಾಗುತ್ತದೆ, ಸ್ಟಡಿ ಪಾರ್ಟ್‌ನರ್ ಅಂತ. ಸುಮ್ನೆ ಜೊತೆಗೆ ಬಸ್ಸು ಹತ್ತುವವರಲ್ಲ ಇವರು. ಮದ್ದು ಕೆಲಸ ಮಾಡಿತಾ ಇಲ್ವಾ ಅಂತ ಅಳೆಯುವುದು ಬಹುಪಾಲು ಇವರ ಬಾಯಿಂದ ಬರುವ ಮಾತಿನ ಮೇಲೆ. ನಿಮ್ಮನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳುತ್ತಾರೆ: ದುಡ್ಡಿನ ಲೆಕ್ಕ ಇಡುತ್ತಾರಾ, ಒಬ್ಬರೇ ಅಂಗಡಿಗೆ ಹೋಗಿ ಬರುತ್ತಾರಾ, ಅಡುಗೆ ಹೇಗೆ. ಅಲ್ಲಿ "ಪರವಾಗಿಲ್ಲ ಡಾಕ್ಟ್ರೇ" ಅಂದರೆ ಏನೂ ಪ್ರಯೋಜನ ಇಲ್ಲ. "ಅಕ್ಕಿ ರೊಟ್ಟಿ ತಟ್ಟುವುದು ಮರೆತಿಲ್ಲ, ಆದರೆ ಹೋದ ವಾರ ಪಂದಿ ಕರಿಗೆ ಕಾಚಂಪುಳಿ ಎರಡು ಸಲ ಹಾಕಿದರು" ಅನ್ನುವಂಥ ಉತ್ತರ ಬೇಕು. ಅದನ್ನು ಹೇಳಬಲ್ಲವರು ಬೆಂಗಳೂರಿನ ಮೈದುನ ಅಲ್ಲ, ನೀವು. ನಿಮ್ಮನ್ನು ಕೇಳದೆ ಈ ಟ್ರಯಲ್ ಮುಂದಕ್ಕೆ ಹೋಗುವುದೇ ಇಲ್ಲ. ಇದನ್ನು ಊಟದ ಹೊತ್ತಲ್ಲಿ ಇಬ್ಬರಿಗೂ ಕೇಳುವ ಹಾಗೆ ಹೇಳಿ.

ಯಜಮಾನರ "ಪ್ರಯೋಗ" ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪ್ರಯೋಗವೇ ಅದು. ಟ್ರಯಲ್ ಅಂದರೆ ಚಿಕಿತ್ಸೆ ಅಲ್ಲ, ಒಂದು ಪ್ರಶ್ನೆ, ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತದೆ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಮದ್ದಿಲ್ಲದ ಡ್ರಿಪ್. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರುವುದಿಲ್ಲ, ಸೂಜಿ ಹಾಕುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಒಂದೂವರೆ ವರ್ಷ ಓಡಾಡಿ ಕೊನೆಗೆ "ನಿಮ್ಮದು ಮದ್ದಿಲ್ಲದ ಗುಂಪು" ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಅದೂ ನಿಜ. ಕೆಲವು ಟ್ರಯಲ್‌ಗಳಲ್ಲಿ ಆಮೇಲೆ ಎಲ್ಲರಿಗೂ ಮದ್ದು ಕೊಡುತ್ತಾರೆ. ಇದರಲ್ಲಿ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಮತ್ತೆ, ಹೊಸ ಇಂಜೆಕ್ಷನ್ ಅಂದ ಕೂಡಲೇ ಅಮ್ಮ ಮೊದಲಿನ ಹಾಗೆ ಆಗುತ್ತಾರೆ ಅಂತ ಮೈದುನನಿಗೆ ಅನ್ನಿಸಿದ್ದರೆ ಅವನಿಗೆ ಈ ಲೆಕ್ಕ ತೋರಿಸಿ. ಲೆಕಾನೆಮ್ಯಾಬ್ ಅನ್ನುವ ಅಲ್ಝೈಮರ್ಸ್ ಮದ್ದಿಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. ಅದರ ದೊಡ್ಡ ಟ್ರಯಲ್‌ನಲ್ಲಿ 1,795 ಜನ ಇದ್ದರು, 18 ತಿಂಗಳು. ಕಾಯಿಲೆಯನ್ನು 0ಯಿಂದ 18ರವರೆಗಿನ ಅಂಕದಲ್ಲಿ ಅಳೆದರು, ಜಾಸ್ತಿ ಆದಷ್ಟೂ ಕೆಟ್ಟದ್ದು. ಮದ್ದು ಇಲ್ಲದವರದ್ದು 1.66 ಏರಿತು, ಮದ್ದು ಪಡೆದವರದ್ದು 1.21. ಪತ್ರಿಕೆಗಳಲ್ಲಿ "ಶೇ 27 ನಿಧಾನ" ಅಂತ ಬಂದಿದ್ದು ಈ 0.45ರ ವ್ಯತ್ಯಾಸವೇ. ಸುಳ್ಳಲ್ಲ. ಆದರೆ ಎರಡೂ ಗುಂಪಿನವರು ಇಳಿಜಾರಿನಲ್ಲೇ ಇದ್ದರು, ಒಬ್ಬರು ಸ್ವಲ್ಪ ನಿಧಾನವಾಗಿ ಇಳಿದರು ಅಷ್ಟೆ. ಮದ್ದು ಪಡೆದ ಪ್ರತಿ 100ರಲ್ಲಿ ಸುಮಾರು 13 ಜನರ ಸ್ಕ್ಯಾನ್‌ನಲ್ಲಿ ಮಿದುಳಿನ ಊತ ಕಾಣಿಸಿತು, 17 ಜನರಲ್ಲಿ ಸಣ್ಣ ರಕ್ತಸ್ರಾವದ ಗುರುತು. ಹೆಚ್ಚಿನವರಿಗೆ ಏನೂ ತೊಂದರೆ ಗೊತ್ತಾಗಲಿಲ್ಲ, ಆದರೂ ಅದಕ್ಕಾಗಿಯೇ ಮತ್ತೆ ಮತ್ತೆ ಎಂಆರ್‌ಐ ಮಾಡಬೇಕಾಯಿತು. ಅತ್ತೆ ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ದಿನವೇ ಹೇಳಿಬಿಡಿ. ಡೊನೆಪೆಜಿಲ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟೋ ಟ್ರಯಲ್‌ಗಳಲ್ಲಿ ಅದನ್ನು ಒಂದೇ ಡೋಸ್‌ನಲ್ಲಿ ಮುಂದುವರಿಸಲು ಬಿಡುತ್ತಾರೆ.

ಲೆಕಾನೆಮ್ಯಾಬ್ ಟ್ರಯಲ್‌ನಲ್ಲಿ ಎರಡು ವಾರಕ್ಕೊಂದು ಡ್ರಿಪ್ ಕೊಟ್ಟಿದ್ದರು. ನಿಮ್ಮದೂ ಅಂಥದ್ದೇ ಆದರೆ 18 ತಿಂಗಳಲ್ಲಿ ಸುಮಾರು 40 ಸಲ ಬೆಂಗಳೂರು. ಮಡಿಕೇರಿಯಿಂದಲೇ ಒಂದು ಕಡೆಗೆ 260 ಕಿಲೋಮೀಟರ್ ಹತ್ತಿರ, ನಿಮ್ಮಲ್ಲಿಂದ ಇನ್ನೂ ಜಾಸ್ತಿ. ಜುಲೈ ಮಳೆಯಲ್ಲಿ ಕಾವೇರಿ ಉಕ್ಕಿ ರಸ್ತೆ ಮುಚ್ಚಿದಾಗ? ಜನವರಿಯಲ್ಲಿ ಕಾಫಿ ಕೊಯ್ಯುವವರು ಸಿಗದೆ ನೀವೇ ತೋಟದಲ್ಲಿ ನಿಂತಿರುವಾಗ? ಪ್ರಯಾಣದ ಖರ್ಚು ಕೊಡುವ ಟ್ರಯಲ್‌ಗಳಿವೆ, ಆದರೆ ಕಾರಿನಲ್ಲಿ ಆರೇಳು ಗಂಟೆ ಕೂತು "ನಾವು ಎಲ್ಲಿಗೆ ಹೋಗ್ತಿದ್ದೇವೆ" ಅನ್ನುವ ಪ್ರಶ್ನೆಗೆ ಐವತ್ತು ಸಲ ಉತ್ತರ ಕೊಡುವುದಕ್ಕೆ ಯಾರೂ ಖರ್ಚು ಕೊಡುವುದಿಲ್ಲ. ನನ್ನ ಕೇಳಿದರೆ, ಮೈದುನನ ಮನೆಯಲ್ಲಿ ಅತ್ತೆ ಕೆಲವು ತಿಂಗಳು ಇರುತ್ತಾರೆ, ಅವನ ಮನೆಯಲ್ಲೂ ಒಬ್ಬರು ಈ ಕೆಲಸ ಕಲಿಯುತ್ತಾರೆ ಅನ್ನುವುದಾದರೆ ಯೋಚನೆ ಮಾಡಿ. ಎಲ್ಲಾ ಭಾರ ನಿಮ್ಮ ಮೇಲೇ ಅಂದರೆ ಬೇಡ ಅನ್ನುವುದಕ್ಕೆ ನಾಚಿಕೆ ಪಡಬೇಡಿ.

ಒಂದು ಸಣ್ಣ ವಿಷಯ, ಆದರೆ ನಮ್ಮ ಕೊಡಗಿನವರಿಗೆ ದೊಡ್ಡದು. ಸೇರಿಸಿಕೊಳ್ಳುವ ಮೊದಲು ನೆನಪಿನ ಪರೀಕ್ಷೆ ಮಾಡುತ್ತಾರೆ, ಒಂದೆರಡು ಅಂಕದಲ್ಲಿ ಒಳಗೋ ಹೊರಗೋ ಆಗಬಹುದು. ಒಮ್ಮೆ ಒಬ್ಬ ಅಜ್ಜನಿಗೆ ಇಂಥದ್ದೇ ಪರೀಕ್ಷೆ ನಡೆಯುತ್ತಿತ್ತು, ನಾನು ಪಕ್ಕದಲ್ಲಿದ್ದೆ. ಮೈಸೂರಿನ ಹುಡುಗ "ಇದು ಯಾವ ತಿಂಗಳು ಅಜ್ಜಾ" ಅಂದ. ಅಜ್ಜ "ಕಕ್ಕಡ" ಅಂದರು. ಹುಡುಗ ತಪ್ಪು ಅಂತ ಸೊನ್ನೆ ಹಾಕಿದ. ಆಗ ಜುಲೈ ಕೊನೆ, ಕೊಡವರ ಲೆಕ್ಕದಲ್ಲಿ ಕಕ್ಕಡ ತಿಂಗಳೇ! ಅಷ್ಟೇ ಅಲ್ಲ, "ಇನ್ನು ನಾಲ್ಕು ದಿನಕ್ಕೆ ಮದ್ದು ಸೊಪ್ಪು ಕೊಯ್ಯಬೇಕು" ಅಂತ ಲೆಕ್ಕವನ್ನೂ ಸರಿಯಾಗಿ ಹೇಳಿದರು, ಕಕ್ಕಡದ 18ನೇ ದಿನ ಕೊಯ್ಯುವ ಸೊಪ್ಪು ಅದು. ಅತ್ತೆ ಮನೆಯಲ್ಲಿ ಕೊಡವ ತಕ್ಕ್ (ಕೊಡವ ಭಾಷೆ) ಮಾತಾಡುವವರಾದರೆ, ಪರೀಕ್ಷೆ ಕನ್ನಡದಲ್ಲಿ ಇದ್ದರೆ, ಅದನ್ನು ಅಲ್ಲಿ ಹೇಳಿ, ಬರೆದುಕೊಳ್ಳಿ ಅಂತ ಒತ್ತಾಯ ಮಾಡಿ.

ಟ್ರಯಲ್ ಅಸಲಿಯಾ ಅಂತ ನೋಡುವುದು ಸುಲಭ. 2009ರ ಜೂನ್‌ನಿಂದ ನಮ್ಮ ದೇಶದ ಪ್ರತಿ ಔಷಧ ಟ್ರಯಲ್ ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಲೇಬೇಕು, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆ ನಂಬರ್ ಕೇಳಿ ತೆಗೆದುಕೊಳ್ಳಿ. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲೇ ಇರಬೇಕು. ಟ್ರಯಲ್‌ನಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ 2019ರ ನಿಯಮದಲ್ಲಿದೆ. ಪತ್ರವನ್ನು ಮನೆಗೆ ತಂದು ಓದಿ. "ಇಲ್ಲೇ ಈಗಲೇ ಸಹಿ ಹಾಕಿ" ಅಂದರೆ ಎದ್ದು ಬನ್ನಿ.

ಪ್ರಶ್ನೆ: ನನಗೆ 58, ಗೋಣಿಕೊಪ್ಪದಲ್ಲಿ ಅಂಗಡಿ. ಅಪ್ಪನಿಗೆ ಡಿಮೆನ್ಷಿಯಾ ಇತ್ತು. ಈಗ ನನಗೂ ಹೆಸರುಗಳು ಮರೆಯುತ್ತವೆ. ಜೀನ್ ಟೆಸ್ಟ್ ಮಾಡಿಸಲಾ? ಆರೋಗ್ಯವಾಗಿ ಇರುವವರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತಾರಾ?

ಉತ್ತರ: ಜೀನ್ ಟೆಸ್ಟ್ ಬೇಡ. ಸಾಮಾನ್ಯವಾಗಿ ಮಾಡುವ ಟೆಸ್ಟ್ ಅಪಾಯ ಜಾಸ್ತಿಯೋ ಕಡಿಮೆಯೋ ಅಂತ ಹೇಳುತ್ತದೆ, ಬರುತ್ತದೋ ಇಲ್ಲವೋ ಹೇಳುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ. ಮೊದಲು ಬಿ12, ಥೈರಾಯ್ಡ್, ಬಿಪಿ, ಶುಗರ್ ನೋಡಿಸಿ. ಕಿವಿಯನ್ನೂ. ಕೇಳಿಸದ ಹೆಸರು ನೆನಪಿರುವುದಾದರೂ ಹೇಗೆ?

ಆರೋಗ್ಯವಂತರ ಅಧ್ಯಯನಗಳು ಖಂಡಿತ ಇವೆ, ಮದ್ದು ಕೊಡದೆ ವರ್ಷಗಟ್ಟಲೆ ಗಮನಿಸುವಂಥವು. ಕೋಲಾರದ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ಹೀಗೆ ನೋಡುತ್ತಿದ್ದಾರೆ, ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು. ಅದು ಆ ಊರಿನವರಿಗೆ. ಮೈಸೂರಿನದ್ದು ನನಗೆ ಇನ್ನೂ ಇಷ್ಟ: ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ತಲೆಯ ಸುತ್ತಳತೆ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಆ ಮಕ್ಕಳು ಮುದುಕರಾದ ಮೇಲೆ ಅವರನ್ನು ಹುಡುಕಿ ನೆನಪಿನ ಪರೀಕ್ಷೆ ಮಾಡಿದರು.

ನಿಮಗೆ ಒಂದು ಸಮಾಧಾನದ ಸುದ್ದಿ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ್ದು: ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಇಲ್ಲದವರಲ್ಲೂ. ಭಾಷೆಯೇ ಕಾರಣ ಅಂತ ಇಷ್ಟರಿಂದಲೇ ಗಟ್ಟಿಯಾಗಿ ಹೇಳಲಾಗದು. ಆದರೆ ಗೋಣಿಕೊಪ್ಪದ ಅಂಗಡಿಯಲ್ಲಿ ಗಿರಾಕಿಗೆ ತಕ್ಕ ಹಾಗೆ ಕೊಡವ ತಕ್ಕ್, ಕನ್ನಡ, ಮಲಯಾಳಂ ಬದಲಾಯಿಸುತ್ತಾ ಕೂರುವುದು ನಷ್ಟದ ವ್ಯಾಪಾರವಂತೂ ಅಲ್ಲ.

ಪ್ರಶ್ನೆ: 30,000 ರೂಪಾಯಿ ಕಟ್ಟಿದರೆ ಟ್ರಯಲ್‌ನಲ್ಲಿ ಅಸಲಿ ಮದ್ದಿನ ಗುಂಪಿಗೇ ಸೇರಿಸುತ್ತೇವೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಉತ್ತರ: ಮೋಸ. ಯಾರು ಯಾವ ಗುಂಪು ಅಂತ ಡಾಕ್ಟರಿಗೇ ಗೊತ್ತಿರದ ಮೇಲೆ ಇವನಿಗೆ ಹೇಗೆ ಗೊತ್ತು? ಟ್ರಯಲ್ ಮದ್ದಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಆಗಲೇ ಕಳಿಸಿಬಿಟ್ಟಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.