ಆ ಐದು ಬಕೆಟ್ ಹಾಲು ಯಾರು ಕುಡಿದರು?

ನಮಸ್ಕಾರ.

ಮಾಲೀಕನನ್ನು ಓಡಿಸಿ ಪ್ರಾಣಿಗಳೇ ಫಾರ್ಮ್ ನಡೆಸುವ ಕಥೆ, ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್' ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಬಾಕ್ಸರ್ ಕುದುರೆಯನ್ನು ಕಸಾಯಿ ಗಾಡಿಯಲ್ಲಿ ಸಾಗಿಸುವ ಭಾಗ ಮನಸ್ಸಿಗೆ ತಟ್ಟಿತು. ಆದರೆ ಎರಡನೇ ಪುಟದ ಮೂರು ವಾಕ್ಯ ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ.

"ಸ್ನೋಬಾಲ್ ಓಡಿಹೋದ ದಿನ ಕ್ರಾಂತಿ ಹಾದಿ ತಪ್ಪಿತು. ಅಧಿಕಾರದ ಅಮಲು ಏರಿತು. ಭ್ರಷ್ಟಾಚಾರ ನುಸುಳಿತು."

ದಂಗೆಯ ಮುಂದಾಳು ಹಂದಿ ಸ್ನೋಬಾಲ್ ಸುಮ್ನೆ ಓಡಿಹೋಗಲಿಲ್ಲ. ಅವನ ಎದುರಾಳಿ ಹಂದಿ ನೆಪೋಲಿಯನ್ ಗುಟ್ಟಾಗಿ ಬೆಳೆಸಿದ್ದ ಒಂಬತ್ತು ನಾಯಿಗಳು ಅಟ್ಟಿಸಿಕೊಂಡು ಹೋದವು. ಅದಿರಲಿ, ಹಾದಿ ತಪ್ಪಿದ್ದು ಆವತ್ತಾ? ದಂಗೆಯ ಮಾರನೇ ದಿನಕ್ಕೆ ಹೋಗಿ. ಹಸುಗಳ ಕೆಚ್ಚಲು ಬಿಗಿದಿದೆ. ಹಂದಿಗಳೇ ಹಾಲು ಕರೆಯುತ್ತವೆ. ಐದು ಬಕೆಟ್ ನೊರೆಹಾಲು. ಮಾಲೀಕ ಜೋನ್ಸ್ ನಮ್ಮ ಮೇವಿಗೂ ಸ್ವಲ್ಪ ಬೆರೆಸುತ್ತಿದ್ದ ಅಂತ ಒಂದು ಕೋಳಿ ನೆನಪಿಸುತ್ತದೆ. ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ನಿಲ್ಲುತ್ತಾನೆ. ಹಾಲಿನ ಯೋಚನೆ ಬಿಡಿ, ಮೊದಲು ಕೊಯ್ಲು ಅನ್ನುತ್ತಾನೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. ಆಮೇಲೆ ಸೇಬೂ ಹಂದಿಗಳ ಪಾಲಾಗುತ್ತದೆ, ಅದಕ್ಕೆ ಸ್ನೋಬಾಲ್‌ನ ಒಪ್ಪಿಗೆಯೂ ಇದೆ. ನೀವು ಒಳ್ಳೆಯವನು ಅಂತ ಹೊಗಳಿದ ಹಂದಿಗೂ ಆ ಹಾಲಿನಲ್ಲಿ ಪಾಲಿತ್ತು. ಇಷ್ಟು ದೊಡ್ಡ ವಿಷಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಕಥೆಯ ತಿರುವು ಈ ಹಾಲು, ಸೇಬಿನ ಪ್ರಸಂಗವೇ ಅಂತ ಆರ್ವೆಲ್ 1946ರಲ್ಲಿ ಅಮೆರಿಕದ ಬರಹಗಾರ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಅಲ್ಲೇ ರಷ್ಯಾದ ನೌಕಾನೆಲೆ ಕ್ರಾನ್‌ಸ್ಟಾಟ್ ಹೆಸರೂ ಬರುತ್ತದೆ. 1921ರಲ್ಲಿ ಅಲ್ಲಿ ಸಿಡಿದೆದ್ದ ನಾವಿಕರನ್ನು, ಕ್ರಾಂತಿಯಿಂದಲೇ ಅಧಿಕಾರಕ್ಕೆ ಬಂದಿದ್ದ ಬೋಲ್ಷೆವಿಕ್ ಸರ್ಕಾರ ಹತ್ತಿಕ್ಕಿತು. ಆಗ ಸೇನೆಯ ಹೊಣೆ ಆ ಕ್ರಾಂತಿಯ ನಾಯಕರಲ್ಲೊಬ್ಬನಾದ ಟ್ರಾಟ್‌ಸ್ಕಿಯದು. ಸ್ನೋಬಾಲ್‌ನಲ್ಲಿ ಕಾಣುವುದೂ ಅವನೇ ಅಲ್ವಾ?

ಇನ್ನು "ಅಮಲು ಏರಿತು", "ನುಸುಳಿತು". ಯಾರಿಗೆ ಏರಿತು? ಯಾರು ಬಾಗಿಲು ತೆಗೆದರು? ಹಾಲು ಮಾಯವಾಗಿತ್ತು ಅಂತ ಆರ್ವೆಲ್ ಕೂಡ ಬರೆಯುತ್ತಾನೆ, ನಿಜ. ಪ್ರಾಣಿಗಳಿಗೆ ಆಗ ಗೊತ್ತಿದ್ದದ್ದು ಅಷ್ಟೇ. ಮುಂದಿನ ಅಧ್ಯಾಯದಲ್ಲೇ, ಅದು ದಿನಾ ಹಂದಿಗಳ ಮೇವಿಗೆ ಸೇರುತ್ತಿತ್ತು ಅಂತ ತಿಳಿಸುತ್ತಾನೆ. ನೀವು ಕೊನೆಯವರೆಗೂ ತಿಳಿಸುವುದಿಲ್ಲ.

ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರೇಷನ್ ಅಂಗಡಿ ಬಗ್ಗೆ "ಅಕ್ಕಿ ಕಡಿಮೆಯಾಗುತ್ತಿದೆ" ಅಂತ ಬರೆದುಕೊಟ್ಟೆ. ನಮ್ಮ ಹಿರಿಯರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, "ಅಕ್ಕಿಗೆ ಕಾಲಿದೆಯೇನಪ್ಪಾ?" ಎಂದರು. ಮತ್ತೆ ಹೋಗಿ ಬೆಳಿಗ್ಗೆಯಿಂದ ಕ್ಯೂ ಪಕ್ಕ ನಿಂತೆ. ಅಂಗಡಿಯವನು ಅಕ್ಕಿಯನ್ನು ತಗಡಿನ ಡಬ್ಬದ ಸಮೇತ ತೂಗುತ್ತಿದ್ದ. ಡಬ್ಬದ ತೂಕ ಕಳೆಯುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಕೇಳಿದರು. ಹಿಂದಿನವರು "ಬೇಗ ಹೋಗಮ್ಮಾ" ಅಂತ ಅವರನ್ನೇ ಗದರಿದರು. ಸಂಜೆ ಆ ಡಬ್ಬದಿಂದಲೇ ವರದಿ ಶುರು ಮಾಡಿದೆ.

ನಿಮ್ಮ ಲೇಖನ ಓದುವಾಗ ನೆನಪಾದದ್ದು ಆ ಅಜ್ಜಿ. ಕೋಳಿ ಕೂಡ ಒಮ್ಮೆ ಬಾಯಿ ಬಿಟ್ಟಿತ್ತು. ಆಮೇಲೆ ಯಾಕೆ ಎಲ್ಲರೂ ಕೊಯ್ಲಿಗೆ ನಡೆದರು? ಅದನ್ನು ಬರೆಯಿರಿ. ಮೊದಲ ಎರಡು ಪುಟ ತೆಗೆದುಹಾಕಿ, ಬಕೆಟ್‌ಗಳಿಂದ ಶುರು ಮಾಡಿ, ನನಗೇ ಕಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ
ಸಂಪಾದಕ