ಓದುಗರ ಪ್ರಶ್ನೆ: ಒಂದೇ ಹುಳಕ್ಕೆ ಎರಡು ಅಡ್ಡಹೆಸರು ಯಾಕೆ?

ಪ್ರಶ್ನೆ: ಕೆಲಗೇರಿ ಕೆರೆ ದಂಡೆಯಲ್ಲಿ ಕಪ್ಪು-ಹಳದಿ ಪಟ್ಟೆಯ ದೊಡ್ಡ ಏರೋಪ್ಲೇನ್ ಚಿಟ್ಟೆಯ ಫೋಟೊ ತೆಗೆದೆ. ಬಾಲದ ತುದಿ ದಪ್ಪಗಿದೆ. ಅಜ್ಜನ ಹಳೆಯ ಪುಸ್ತಕದಲ್ಲಿ ಇದು ‘ಇಕ್ಟಿನಸ್ ರಾಪಾಕ್ಸ್’. ಹೊಸ ಪುಸ್ತಕದಲ್ಲಿ ‘ಇಕ್ಟಿನೊಗಾಂಫಸ್ ರಾಪಾಕ್ಸ್’. ಎರಡೂ ಒಂದೇನಾ? ಇದು ಕುಟುಕುತ್ತದೆಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹುಳ ಒಂದೇ. ಬದಲಾಗಿದ್ದು ಅಡ್ಡಹೆಸರು.

ನಮ್ಮ ಕಡೆಯವರಿಗೆ ಅಡ್ಡಹೆಸರು ಅಂದರೆ ಬಿಡಿಸಿ ಹೇಳಬೇಕಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಇವೆಲ್ಲ ಮನೆತನಗಳೇ ಅಲ್ವಾ? ಜೀವಿಗಳ ಹೆಸರಲ್ಲೂ ಮೊದಲ ಪದ ಕುಲದ್ದು, ಎರಡನೆಯದು ಆ ಪ್ರಭೇದದ್ದು. ಆದರೆ ಹುಬ್ಬಳ್ಳಿಯಲ್ಲೊಂದು, ಗದಗಿನಲ್ಲೊಂದು ಉಳ್ಳಾಗಡ್ಡಿ ಮನೆತನ ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಪ್ರಾಣಿಗಳಲ್ಲಿ ಅದು ನಡೆಯುವುದಿಲ್ಲ. ಎರಡು ಕುಲಗಳಿಗೆ ಒಂದೇ ಹೆಸರು ಬಿದ್ದರೆ, ಮೊದಲು ಇಟ್ಟುಕೊಂಡವರದ್ದೇ ಹಕ್ಕು. ಫ್ರಾನ್ಸಿನ ಕೀಟತಜ್ಞ ರಾಂಬುರ್ 1842ರಲ್ಲಿ ಈ ಕುಲಕ್ಕೆ ‘ಇಕ್ಟಿನಸ್’ ಎಂಬ ಹೆಸರಿಟ್ಟ. ಗ್ರೀಕ್‌ನಲ್ಲಿ ಅದು ಹದ್ದು. ಒಳ್ಳೆಯ ಹೆಸರೇ, ಆದರೆ ಅದಾಗಲೇ ಬೇರೊಂದು ಕೀಟಕುಲದ ಪಾಲಾಗಿತ್ತು. ಹಾಗಾಗಿ 1934ರಲ್ಲಿ ಕೌಲಿ ಎಂಬಾತ ‘ಇಕ್ಟಿನೊಗಾಂಫಸ್’ ಎಂದು ಬದಲಿಸಿದ. ‘ಗಾಂಫಸ್’ ಬಂದಿದ್ದು ಮೊಳೆ, ಗೂಟ ಎಂಬರ್ಥದ ಗ್ರೀಕ್ ಪದದಿಂದ. ಇಡೀ ಕುಟುಂಬದ ಹೆಸರು ಗಾಂಫಿಡೇ ಆಗಿದ್ದೂ ಅದರಿಂದಲೇ.

ಹೊಸ ಪುಸ್ತಕದಲ್ಲಿ ಹೆಸರಿನ ಮುಂದೆ (ರಾಂಬುರ್, 1842) ಅಂತ ಕಂಸದಲ್ಲಿ ಇದೆಯಾ ನೋಡಿ. ಕಂಸ ಇದ್ದರೆ, ಮೊದಲು ಸೇರಿಸಿದ ಕುಲದಲ್ಲಿ ಹುಳ ಈಗ ಇಲ್ಲ ಎಂದರ್ಥ. ಬಿ.ಎಸ್ಸಿ.ಯಲ್ಲಿ ಈ ಕಂಸ ಬಿಟ್ಟು ನಾನು ಅರ್ಧ ಮಾರ್ಕು ಕಳೆದುಕೊಂಡೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ಗುರುತು. ಎಲ್ಲರೂ ಬಾಲ ನೋಡುತ್ತಾರೆ, ನಾನು ಮೊದಲು ಕಣ್ಣು ನೋಡುತ್ತೇನೆ. ಮಾಮೂಲಿ ಏರೋಪ್ಲೇನ್ ಚಿಟ್ಟೆಗಳ ಕಣ್ಣು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಗಾಂಫಿಡೇಗಳಲ್ಲಿ ನಡುವೆ ಜಾಗ ಇರುತ್ತದೆ. ಏರೋಪ್ಲೇನ್ ಚಿಟ್ಟೆಗಳ ನಂಟರಾದ ಸೂಜಿಯಂಥ ಸಣ್ಣ ಹುಳಗಳಲ್ಲೂ ಕಣ್ಣು ದೂರದೂರ, ಆದರೆ ಅವುಗಳಲ್ಲಿ ಹೆಚ್ಚಿನವು ಕೂತಾಗ ರೆಕ್ಕೆ ಮಡಚುತ್ತವೆ. ಇದು ಅಗಲಿಸಿಯೇ ಕೂರುತ್ತದೆ. ಬಾಲ ನೋಡುವುದಾದರೆ ಎಂಟನೇ ಖಂಡ ನೋಡಿ. ಎರಡೂ ಬದಿಗೆ ಎಲೆಯಂಥ ಅಂಚು ಚಾಚಿದೆ. ಎರೆಹೊಲದಲ್ಲಿ ಹೆಂಟೆ ಒಡೆಯುವ ಕೊಡತಿ ನೆನಪಾಗುತ್ತದೆ.

ಉಣಕಲ್ ಕೆರೆಯಲ್ಲಿ ಒಂದು ಗಂಡು, ನೀರಲ್ಲಿ ನಿಂತ ಒಣ ಕಡ್ಡಿಯ ತುದಿಗೆ ಕೂತಿತ್ತು. ಕೊಡೆ ಬೀಸಿ ಓಡಿಸಿದೆ. ಒಂದು ಸುತ್ತು ಹಾಕಿ ಅದೇ ತುದಿಗೆ ಬಂತು. ಏಳು ಸಲ ಓಡಿಸಿದೆ, ಏಳು ಸಲ ಬಂತು. ಎಂಟನೆಯದಕ್ಕೆ ನನ್ನ ಕೈ ಸೋತಿತು, ಪಕ್ಕದ ಮೀನುಗಾರನಿಗೆ ನಗು. ಈ ಜಾತಿಯ ಗಂಡುಗಳಿಗೆ ಅಂಥ ಕಡ್ಡಿಯೇ ಕಾವಲುಗೋಪುರ. ಇವು ಹೊಳೆಗಿಂತ ನಿಂತ ನೀರು ಒಪ್ಪುವಂಥವು. ನಿಮಗೆ ಕೆರೆಯಲ್ಲಿ ಸಿಕ್ಕಿದ್ದು ಸುಮ್ನೆ ಅಲ್ಲ.

ಕುಟುಕುವುದಿಲ್ಲ. ಬಾಲದ ತುದಿಯ ಕೊಂಡಿ ಗಂಡಿಗೆ ಹೆಣ್ಣನ್ನು ಹಿಡಿದುಕೊಳ್ಳಲು. ಬೆರಳಲ್ಲಿ ಹಿಡಿದರೆ ಮಾತ್ರ ಬಾಯಿಂದ ಚಿವುಟುತ್ತದೆ, ವಿಷವಿಲ್ಲ. ಮುಂದಿನ ಸಲ ಎದುರಿನಿಂದ, ಕಣ್ಣು ಕಾಣುವಂಥ ಫೋಟೊ ಕಳಿಸಿ.